ಸಾಸಿವೆ ಕಾಳಿನಷ್ಟು ಭೂಮಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡವರನ್ನು ಎಲ್ಲರೂ ಕೇಳುವುದು ಒಂದೇ. ಈ ಊರಲ್ಲಿ ಏನ್ ಕಾಣುತ್ತೆ? ಕೇಳುವುದು ಸರಿಯೇ. ಬನಶಂಕರಿಯ ನಮ್ಮ ತಾರಸಿಗೆ ರಾತ್ರಿ ಹೋದರೆ ಆಕಾಶವೆಲ್ಲ ಬೂದಿ ಬಣ್ಣ, ಎಣಿಸಿದರೆ ಮೂವತ್ತು ನಕ್ಷತ್ರ ಸಿಕ್ಕರೆ ಜಾಸ್ತಿ. ಆದರೆ ಬೆಳಿಗ್ಗೆ ಎಂಟಕ್ಕೆ ಬನ್ನಿ. ಎದುರು ಮನೆಯ ನೀರಿನ ಟ್ಯಾಂಕ್ ದಾಟಿ ಒಂದು ನಕ್ಷತ್ರ ಮೇಲೆ ಬಂದಿರುತ್ತದೆ. ನಾನು ನೋಡುವುದು ಅದನ್ನೇ, ಸೂರ್ಯನನ್ನು.

ಮೊದಲು ಕಣ್ಣಿನ ವಿಷಯ. ಸರಿಯಾದ ಫಿಲ್ಟರ್ ಇಲ್ಲದೆ ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ನೋಡಿದರೆ ಕ್ಷಣದಲ್ಲೇ ಕಣ್ಣಿನ ಒಳಪರದೆ ಸುಟ್ಟುಹೋಗುತ್ತದೆ. ಅಲ್ಲಿ ನೋವು ತಿಳಿಸುವ ನರಗಳಿಲ್ಲ, ಹಾಗಾಗಿ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಎಕ್ಸ್‌ರೇ ಹಾಳೆ, ಕೂಲಿಂಗ್ ಗ್ಲಾಸ್, ಮಸಿ ಹಿಡಿಸಿದ ಗಾಜು, ಯಾವುದೂ ಬೇಡ. ಗ್ರಹಣದ ಕನ್ನಡಕ ಹಾಕಿಕೊಂಡು ಐಪೀಸಿಗೆ, ಅಂದರೆ ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಲೆನ್ಸಿಗೆ, ಕಣ್ಣಿಡುವುದಂತೂ ಬೇಡವೇ ಬೇಡ. ಲೆನ್ಸ್ ಒಂದೆಡೆ ಸೇರಿಸಿದ ಬಿಸಿಲು ಆ ಕನ್ನಡಕದ ಹಾಳೆಯನ್ನೇ ತೂತು ಮಾಡಬಲ್ಲದು.

ನಾನು ಮೊದಲು ತಂದ ಟೆಲಿಸ್ಕೋಪ್ ಸೆಕೆಂಡ್ ಹ್ಯಾಂಡ್. ಅದರ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಒಂದು ಕಪ್ಪು ಗಾಜು ಕೊಟ್ಟಿದ್ದರು. ಸೂರ್ಯನನ್ನು ನೋಡೋಕೆ ಅಂತ ಅದರ ಮೇಲೇ ಬರೆದಿತ್ತು, ನಾನೂ ನಂಬಿದೆ. ಮೂರನೇ ದಿನ ಮಗಳು ಕರೆದಳು ಅಂತ ತಲೆ ಎತ್ತಿದೆ. ಟಪ್ ಅಂತ ಸದ್ದಾಯಿತು. ಗಾಜು ನಡುವೆ ಬಿರುಕು ಬಿಟ್ಟಿತ್ತು. ಅವಳು ಕರೆದಿರದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಎದೆ ನಡುಗುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಅಂಥ ಗಾಜಿದ್ದರೆ ಇವತ್ತೇ ಒಡೆದು ಬಿಸಾಡಿ. ಫಿಲ್ಟರ್ ಇರಬೇಕಾದ್ದು ಕೊಳವೆಯ ಮುಂದುಗಡೆ, ಬಿಸಿಲು ಒಳಗೆ ಬರುವ ಬಾಯಲ್ಲಿ. ಅದಕ್ಕೆಂದೇ ಸೋಲಾರ್ ಫಿಲ್ಮ್ ಹಾಳೆ ಸಿಗುತ್ತದೆ, ಬೆಳಕಿನ ಲಕ್ಷದಲ್ಲಿ ಒಂದು ಪಾಲನ್ನಷ್ಟೇ ಒಳಗೆ ಬಿಡುತ್ತದೆ. ರಟ್ಟಿನ ಬಳೆ ಮಾಡಿ ಅದರಲ್ಲಿ ಕೂರಿಸಿ, ಗಾಳಿಗೆ ಹಾರದಂತೆ ಟೇಪ್ ಸುತ್ತುತ್ತೇನೆ. ಪ್ರತಿ ಸಲವೂ ಹಾಳೆಯನ್ನು ಬಿಸಿಲಿಗೆ ಹಿಡಿದು, ಸೂಜಿಮೊನೆಯಷ್ಟು ತೂತಾದರೂ ಆಗಿದೆಯೇ ಅಂತ ನೋಡಿಯೇ ಹಾಕುವುದು. ಪಕ್ಕದಲ್ಲಿರುವ ಫೈಂಡರಿಗೂ, ಅಂದರೆ ಗುರಿ ಹುಡುಕಲು ಇರುವ ಸಣ್ಣ ದುರ್ಬೀನಿಗೂ, ಮುಚ್ಚಳ ಬೇಕು, ಇದನ್ನೇ ಜಾಸ್ತಿ ಜನ ಮರೆಯುವುದು.

ಫೈಂಡರ್ ಮುಚ್ಚಿದರೆ ಸೂರ್ಯನನ್ನು ಹುಡುಕುವುದು ಹೇಗೆ ಅಂತೀರಾ? ನೆರಳು ನೋಡಿ. ಕೊಳವೆಯ ನೆರಳು ನೆಲದ ಮೇಲೆ ತೀರಾ ಚಿಕ್ಕದಾದಾಗ ಅದು ಸೂರ್ಯನ ಕಡೆಗೇ ತಿರುಗಿದೆ ಅಂತ ಅರ್ಥ.

ನಮ್ಮ ಕೆಳಗಿನ ಮನೆಯ ಅಜ್ಜಿ ಒಂದು ದಿನ ಸಂಡಿಗೆ ಒಣಗಿಸಲು ಬಂದವರು, ನನಗೂ ತೋರಿಸಪ್ಪ ಅಂದರು. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ತಟ್ಟೆ ಥರ ಇರುತ್ತೆ ಅಂದ್ಕೊಂಡಿದ್ದೆ, ಇದು ಉಂಡೆ ಕಣಪ್ಪ" ಅಂದರು. ಎಷ್ಟು ಸರಿಯಾಗಿ ನೋಡಿದರು! ಸೂರ್ಯನ ನಡುಭಾಗದಲ್ಲಿ ನಮ್ಮ ನೋಟ ಆಳದ, ಬಿಸಿ ಜಾಸ್ತಿಯಿರುವ ಪದರದವರೆಗೆ ಹೋಗುತ್ತದೆ. ಅಂಚಿನಲ್ಲಿ ಮೇಲಿನ, ಕಡಿಮೆ ಬಿಸಿಯ ಪದರದಲ್ಲೇ ನಿಲ್ಲುತ್ತದೆ. ಅದಕ್ಕೇ ಅಂಚು ಮಸುಕು, ಅದಕ್ಕೇ ಉಂಡೆಯಂತೆ ಕಾಣುವುದು.

ಅದರ ಮೇಲಿನ ಕಪ್ಪು ಚುಕ್ಕೆಗಳೇ ಸೌರಕಲೆಗಳು. ಅಲ್ಲಿ ಕಾಂತಕ್ಷೇತ್ರ ಎಷ್ಟು ಬಲವಾಗಿರುತ್ತದೆಂದರೆ ಒಳಗಿನ ಬಿಸಿಯನ್ನು ಮೇಲೆ ಬರಲು ಬಿಡುವುದಿಲ್ಲ. ಸುತ್ತಲೂ ಸುಮಾರು 5,500 ಡಿಗ್ರಿ, ಕಲೆಯಲ್ಲಿ ಅದಕ್ಕಿಂತ ಸಾವಿರಕ್ಕೂ ಹೆಚ್ಚು ಡಿಗ್ರಿ ಕಡಿಮೆ. ಕಪ್ಪಗೆ ಕಾಣುವುದು ಸುತ್ತಲಿನ ಬೆಳಕಿನ ಎದುರಿಗೆ, ಅಷ್ಟೇ.

ನಾನು ಫೋಟೋ ತೆಗೆಯುವುದಿಲ್ಲ, ಚಿತ್ರ ಬರೆಯುತ್ತೇನೆ. ಹಾಳೆಯ ಮೇಲೆ 15 ಸೆಂಟಿಮೀಟರ್ ಅಗಲದ ವೃತ್ತ, ಒಂದು ಚೂಪಾದ ಪೆನ್ಸಿಲ್, ತಾರೀಕು, ಗಂಟೆ. ಸೂರ್ಯನ ಅಗಲಕ್ಕೆ 109 ಭೂಮಿ ಹಿಡಿಯುತ್ತವೆ. ಅಂದರೆ ಆ ವೃತ್ತದಲ್ಲಿ ನಮ್ಮ ಭೂಮಿ ಒಂದೂವರೆ ಮಿಲಿಮೀಟರ್ ಕೂಡ ಇಲ್ಲ, ಒಂದು ಸಣ್ಣ ಸಾಸಿವೆ ಕಾಳು. ಹಾಳೆಯ ಮೂಲೆಯಲ್ಲಿ ಒಂದು ಸಾಸಿವೆ ಅಂಟಿಸಿಯೇ ಇದ್ದೇನೆ. ಕಲೆ ಬರೆದ ಮೇಲೆ ಅದರ ಪಕ್ಕ ಕಣ್ಣಾಡಿಸಿದರೆ ಸಾಕು, ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. 2024ರ ಮೇ ತಿಂಗಳಲ್ಲಿ ಕಲೆಗಳ ಒಂದು ಗುಂಪು ಬಂದಿತ್ತು ನೋಡಿ, ಸುಮಾರು ಹದಿನೈದು ಸಾಸಿವೆ ಸಾಲಾಗಿಟ್ಟಷ್ಟು ಉದ್ದ! ಆ ಗುಂಪಿನಿಂದ ಹೊರಟ ಸ್ಫೋಟಗಳು ಭೂಮಿಗೆ ತಾಕಿದ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಹಾನ್ಲೆಯ ವೀಕ್ಷಣಾಲಯ ನಮ್ಮ ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನದೇ. ಕೊಡೈಕನಾಲಿನ ಸೌರ ವೀಕ್ಷಣಾಲಯವೂ ಅವರದೇ. ಅಲ್ಲಿ 1904ರಿಂದ ಸೂರ್ಯನ ಚಿತ್ರ ತೆಗೆಯುತ್ತ ಬಂದಿದ್ದಾರೆ. ನೂರು ವರ್ಷ ಮೀರಿ ಒಂದೇ ಮುಖವನ್ನು ನೋಡುತ್ತ ಕೂತ ಆ ಜನರನ್ನು ನೆನೆದರೆ ನನಗೆ ಬಹಳ ಗೌರವ.

ನೋಡಲು ಒಳ್ಳೆಯ ಹೊತ್ತು ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ. ಹತ್ತಾದರೆ ತಾರಸಿ ಕಾದು, ದೋಸೆ ಹಂಚಿನ ಮೇಲಿನ ಗಾಳಿಯಂತೆ ಚಿತ್ರವೆಲ್ಲ ನಡುಗುತ್ತದೆ. ಡಿಸೆಂಬರಿನಿಂದ ಮಾರ್ಚ್ ತನಕ ನಮ್ಮೂರಲ್ಲಿ ಆಕಾಶ ಚೆನ್ನ, ಜೂನ್ ಬಂದರೆ ಮೋಡದ ಸಂದಿಯಲ್ಲಿ ಸಿಕ್ಕಷ್ಟೇ.

ಅಜ್ಜಿ ಈಗ ಸಂಡಿಗೆ ಇಲ್ಲದಿದ್ದರೂ ಬರುತ್ತಾರೆ. ಮೊನ್ನೆ ನೋಡಿ, "ಆ ಜೋಡಿ ಕಾಳು ಎಲ್ಲಿ ಹೋಯ್ತಪ್ಪ?" ಅಂದರು. ಸೂರ್ಯನೂ ತಿರುಗುತ್ತಾನೆ ಅಜ್ಜಿ, ಅದು ಅಂಚು ದಾಟಿ ಹಿಂದಕ್ಕೆ ಹೋಗಿದೆ, ಅಳಿಸಿಹೋಗದಿದ್ದರೆ ಎರಡು ವಾರಕ್ಕೆ ಈ ಕಡೆಯಿಂದ ಬರುತ್ತೆ ಅಂದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದಾರಂತೆ. ಬರುವ ಗುರುವಾರ ಬೆಳಿಗ್ಗೆ ಇಬ್ಬರೂ ನೋಡುತ್ತೇವೆ.

ನಮಸ್ಕಾರ.