ಕೈಗೆ ಗೊತ್ತಿರುವ ಊರು

ಎಲ್ಲರಿಗೂ ನಮಸ್ಕಾರ.

ನಾನು ಹದಿನೆಂಟು ವರ್ಷ ಟೂರ್ ಮ್ಯಾನೇಜರ್ ಆಗಿದ್ದವನು. ತುಮಕೂರು, ಹಾಸನ, ದಾವಣಗೆರೆ ಕಡೆಯಿಂದ ಮೂವತ್ತು ನಲವತ್ತು ಜನರ ಗ್ರೂಪ್ ಕಟ್ಟಿಕೊಂಡು ಯುರೋಪು, ಜಪಾನು ಅಂತ ಸುತ್ತಿಸುತ್ತಿದ್ದೆ. ನೋಡಿದ ಜಾಗಗಳ ಬಗ್ಗೆ ನಿಮಗೆ ಯಾರು ಬೇಕಾದರೂ ಹೇಳುತ್ತಾರೆ. ನಾನು ಇವತ್ತು ಹೇಳುವುದು ಅಲ್ಲಿ ನೋಡಿದ ಕೈ, ಕಾಲು, ತಲೆಗಳ ಬಗ್ಗೆ. ಪರದೇಶದಲ್ಲಿ ಒಬ್ಬರು ಬಾಯಿ ಬಿಡುವ ಮೊದಲೇ ಅವರು ಎಲ್ಲಿಯವರು ಅಂತ ಹೇಳಿಬಿಡುವ ಅಭ್ಯಾಸಗಳ ಬಗ್ಗೆ.

ಮೊದಲು ಒಂದು ಟ್ರಾಮಿನ ವಿಷಯ. ಊರು ಝೂರಿಕ್. ನಮ್ಮ ಗ್ರೂಪಿನಲ್ಲಿ ತಿಪಟೂರಿನ ಒಬ್ಬ ಅಜ್ಜಿ ಇದ್ದರು. ಎಪ್ಪತ್ತು ದಾಟಿತ್ತು. ಮಗ ಕೊಡಿಸಿದ ದಪ್ಪ ಜಾಕೆಟ್, ಪ್ಯಾಂಟು, ಬಿಳಿ ಶೂ, ತಲೆಗೆ ಉಣ್ಣೆ ಟೋಪಿ. ಹಿಂದಿನಿಂದ ನೋಡಿದರೆ ಯಾವ ದೇಶದವರು ಅಂತ ಗೊತ್ತಾಗುತ್ತಿರಲಿಲ್ಲ. ತಿರುವಿನಲ್ಲಿ ಟ್ರಾಮು ಜೋಲಿ ಹೊಡೆಯಿತು. ಅಜ್ಜಿಯ ಕಾಲು ಎದುರಿಗೆ ಕೂತಿದ್ದ ಹುಡುಗಿಯ ಬ್ಯಾಗಿಗೆ ತಾಗಿತು. ಬ್ಯಾಗಿನೊಳಗಿನ ಪುಸ್ತಕಗಳು ಅರ್ಧ ಹೊರಗೆ ಕಾಣುತ್ತಿದ್ದವು. ಅಜ್ಜಿ ತಟ್ಟನೆ ಬಗ್ಗಿ, ಬಲಗೈಯಿಂದ ಬ್ಯಾಗು ಮುಟ್ಟಿ, ಆ ಬೆರಳುಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಹುಡುಗಿ ಗಾಬರಿಯಾಗಿ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡಳು. ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು?

ಮೂರು ಸೀಟು ಆಚೆ ಕೂತಿದ್ದ ಒಬ್ಬ ನಡುವಯಸ್ಸಿನವರಿಗೆ ಮಾತ್ರ ಗೊತ್ತಾಯಿತು. ಎದ್ದು ಬಂದು ಹುಡುಗಿಗೆ ಜರ್ಮನ್‌ನಲ್ಲಿ ಎರಡು ಮಾತು ಹೇಳಿದರು. ಅವಳ ಮುಖ ಸಡಿಲವಾಯಿತು. ಆಮೇಲೆ ಅಜ್ಜಿಯ ಕಡೆ ತಿರುಗಿ ತಮಿಳಿನಲ್ಲಿ ಯಾವ ಊರಮ್ಮ ಅಂತ ಕೇಳಿದರು. ಅವರು ಜಾಫ್ನಾ ಕಡೆಯ ಶ್ರೀಲಂಕಾ ತಮಿಳರು. 1983ರ ಗಲಭೆಯ ನಂತರ ಸಾವಿರಾರು ತಮಿಳರು ಸ್ವಿಟ್ಜರ್ಲೆಂಡಿಗೆ ಹೋಗಿ ನೆಲೆಸಿದರಲ್ಲ, ಇವರೂ ಹಾಗೆ ಬಂದವರು. ಅಜ್ಜಿಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು. ಆದರೂ ನಾವು ಇಳಿಯುವ ಸ್ಟಾಪ್ ಬರುವ ತನಕ ಇಬ್ಬರೂ ಮಾತಾಡಿಕೊಂಡೇ ಇದ್ದರು. ಇಳಿಯುವಾಗ ಅವರು ನನಗೆ ಹೇಳಿದ್ದು ಇಷ್ಟು: 'ನಮ್ಮಮ್ಮನ ಕೈ ನೋಡಿದ ಹಾಗಾಯಿತು.'

ಇಬ್ಬರ ಪಾಸ್‌ಪೋರ್ಟ್ ಬೇರೆ ಬೇರೆ ಅಲ್ವಾ? ಹಾಗಾಗಿ ದೇಶ ಅನ್ನುವ ಮಾತನ್ನು ನಾನು ಇಲ್ಲಿ ಸ್ವಲ್ಪ ಸಡಿಲವಾಗಿಯೇ ಬಳಸುತ್ತೇನೆ. ಅಭ್ಯಾಸಗಳು ಗಡಿ ನೋಡಿಕೊಂಡು ನಿಲ್ಲುವುದಿಲ್ಲ.

ಬಟ್ಟೆ, ಬಣ್ಣ, ಮೂಗು, ಕಣ್ಣು ನೋಡಿ ದೇಶ ಗುರುತಿಸುತ್ತೇವೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಕೇರಳ ಮೂಲದ ಮನಶ್ಶಾಸ್ತ್ರಜ್ಞೆ ನಳಿನಿ ಅಂಬಾಡಿ ಅಮೆರಿಕದಲ್ಲಿ ಇಬ್ಬರು ಸಂಗಡಿಗರ ಜೊತೆ ಮಾಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಜಪಾನಿನವರ ಫೋಟೋ ಮತ್ತು ಜಪಾನಿ ಮೂಲದ ಅಮೆರಿಕನ್ನರ ಫೋಟೋ ತೋರಿಸಿ, ಯಾರು ಎಲ್ಲಿಯವರು ಹೇಳಿ ಅಂದರು. ಬಟ್ಟೆ, ಬೆಳಕು ಎಲ್ಲ ಒಂದೇ ಥರ. ಮುಖ ಸುಮ್ನೆ ಇದ್ದ ಫೋಟೋಗಳಿಗಿಂತ ಮುಖದಲ್ಲಿ ಏನಾದರೂ ಭಾವನೆ ಇದ್ದ ಫೋಟೋಗಳಲ್ಲಿ ಜನ ಜಾಸ್ತಿ ಸರಿಯಾಗಿ ಹೇಳಿದರು. ಮುಖದ ಅಚ್ಚು ಅಜ್ಜ ಅಜ್ಜಿಯದು, ಭಾವನೆ ತೋರಿಸುವ ರೀತಿ ಬೆಳೆದ ಊರಿನದು. ಮಂಗಳೂರಿನವರ ಕನ್ನಡ, ಧಾರವಾಡದವರ ಕನ್ನಡ ಕೇಳಿದ ಕೂಡಲೇ ಗೊತ್ತಾಗುತ್ತದಲ್ಲ, ಹಾಗೆ ಮುಖಕ್ಕೂ ಒಂದು ಧಾಟಿ ಇದೆ. ನನಗಿದು ತುಂಬ ದೊಡ್ಡ ವಿಷಯ ಅನ್ನಿಸುತ್ತದೆ.

ಈಗ ನಿಮ್ಮ ಕೈ ನೋಡಿಕೊಳ್ಳಿ. ಒಂದು, ಎರಡು, ಮೂರು ಅಂತ ಯಾರಿಗಾದರೂ ತೋರಿಸಬೇಕು ಅಂದುಕೊಳ್ಳಿ. ತೋರುಬೆರಳಿಂದ ಶುರು ಮಾಡಿದಿರಿ, ಹೌದಾ? ಜರ್ಮನಿಯವರು ಹೆಬ್ಬೆರಳಿಂದ ಶುರು ಮಾಡುತ್ತಾರೆ. ಅವರಿಗೆ ಎರಡು ಅಂದರೆ ಹೆಬ್ಬೆರಳು ಮತ್ತು ತೋರುಬೆರಳು. ಚೀನಾದಲ್ಲಿ ಒಂದೇ ಕೈಯಲ್ಲಿ ಹತ್ತರ ತನಕ ತೋರಿಸುತ್ತಾರೆ. ಅಲ್ಲಿ ಬಹಳ ಕಡೆ ಅದೇ ಹೆಬ್ಬೆರಳು, ಅದೇ ತೋರುಬೆರಳು ಎತ್ತಿದರೆ ಎಂಟು. ಜಪಾನಿನವರು ತಮಗೆ ತಾವೇ ಎಣಿಸುವಾಗ ಕೈ ಪೂರ್ತಿ ತೆರೆದು, ಒಂದೊಂದೇ ಬೆರಳು ಒಳಗೆ ಮಡಿಸುತ್ತಾ ಹೋಗುತ್ತಾರೆ.

ಒಮ್ಮೆ ಹೊಸಪೇಟೆಯ ಒಂದು ಹೋಟೆಲಿನಲ್ಲಿ ಕೂತಿದ್ದೆ. ಪಕ್ಕದ ಟೇಬಲ್ಲಿನಲ್ಲಿ ಹಂಪಿ ನೋಡಲು ಬಂದ ಬಿಳಿಯ ಪ್ರವಾಸಿ. ಸಪ್ಲೈಯರ್ ಹುಡುಗ ಕಾಫಿ ಎಷ್ಟು ಅಂತ ಕೇಳಿದ. ಆತ ಹೆಬ್ಬೆರಳು ಎತ್ತಿದ. ಕಾಫಿ ಭೇಷಾಗಿದೆ ಅಂತಿದ್ದಾನೆ ಅಂದುಕೊಂಡು ಹುಡುಗ ತಾನೂ ಹೆಬ್ಬೆರಳು ಎತ್ತಿ ತೋರಿಸಿ ಹೊರಟ. ಇನ್ನೂ ಕಾಫಿಯೇ ಬಂದಿರಲಿಲ್ಲ. ನಾನು ಎದ್ದು ಹೋಗಿ 'ಜರ್ಮನಿಯವರಾ?' ಅಂತ ಕೇಳಿದೆ. ಹೌದು, ಹೇಗೆ ಗೊತ್ತಾಯಿತು ಅಂದ. ಬೆರಳು ತೋರಿಸಿದೆ. ಆತ ತನ್ನ ಹೆಬ್ಬೆರಳನ್ನು ಆವತ್ತೇ ಮೊದಲ ಸಲ ಕಂಡ ಹಾಗೆ ನೋಡಿಕೊಂಡ.

ನಮ್ಮವರನ್ನು ಹಿಡಿಯಬೇಕಾದರೆ ಏರ್‌ಪೋರ್ಟಿನಲ್ಲಿ ಲಗೇಜು ಎಣಿಸುವಾಗ ಕೈ ನೋಡಬೇಕು. ಹೆಬ್ಬೆರಳು ಕಿರುಬೆರಳಿನ ಗೆಣ್ಣಿನ ಮೇಲೆ ಕೂರುತ್ತದೆ, ಒಂದೊಂದೇ ಗೆಣ್ಣು ಹತ್ತಿಕೊಂಡು ಹೋಗುತ್ತದೆ. ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳಿಗೆ ಹನ್ನೆರಡು. ಗೆರೆ ಲೆಕ್ಕ ಹಿಡಿಯುವವರಿಗೆ ಹದಿನಾರು. ಕಣದಲ್ಲಿ ಮೂಟೆ ಎಣಿಸಿದ್ದೂ ಹೀಗೆ, ಜಪ ಎಣಿಸಿದ್ದೂ ಹೀಗೆ. ಫ್ರಾಂಕ್‌ಫರ್ಟ್‌ನಲ್ಲಿ ಬೆಲ್ಟಿನ ಮುಂದೆ ನಿಂತು ಸೂಟ್‌ಕೇಸು ಎಣಿಸುವಾಗಲೂ ಕೈ ತನ್ನ ಪಾಡಿಗೆ ಅದೇ ದಾರಿ ಹಿಡಿಯುತ್ತದೆ.

ಕೈಕಾಲಿಗೂ ಒಂದು ಪಾಠ ಆಗಿರುತ್ತದೆ ಅಂತ ಬಹಳ ಹಿಂದೆಯೇ ಹೇಳಿದವರು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೌಸ್. 1934ರಲ್ಲಿ ಅವರು ಒಂದು ಉಪನ್ಯಾಸ ಕೊಟ್ಟರು. ಮೊದಲ ಮಹಾಯುದ್ಧದಲ್ಲಿ ಅವರು ಸೈನ್ಯದಲ್ಲಿದ್ದರು. ಕಂದಕ ತೋಡಬೇಕಿತ್ತು. ಇಂಗ್ಲಿಷ್ ಸೈನಿಕರಿಗೆ ಫ್ರೆಂಚ್ ಸಲಿಕೆ ಹಿಡಿದು ಅಗೆಯುವುದಕ್ಕೇ ಬರಲಿಲ್ಲವಂತೆ. ಫ್ರೆಂಚ್ ಸೈನ್ಯದ ಒಂದು ಡಿವಿಷನ್ ಹೋಗಿ ಇಂಗ್ಲಿಷರದು ಬಂದಾಗಲೆಲ್ಲ 8,000 ಸಲಿಕೆ ಬದಲಾಯಿಸಬೇಕಾಯಿತು. ಮಣ್ಣು ಒಂದೇ, ಕೆಲಸ ಒಂದೇ. ಕೈ ಕಲಿತದ್ದು ಬೇರೆ. ನಮ್ಮ ಮಲೆನಾಡಿನವರ ಕೈಗೆ ಬಯಲುಸೀಮೆಯ ಗುದ್ದಲಿ ಕೊಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ.

ಅದೇ ಮೌಸ್ ಇನ್ನೊಂದು ಕಥೆ ಹೇಳಿದರು. ನ್ಯೂಯಾರ್ಕಿನಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ, ಅಲ್ಲಿನ ನರ್ಸುಗಳ ನಡಿಗೆ ಎಲ್ಲೋ ನೋಡಿದ ಹಾಗಿದೆ ಅನ್ನಿಸಿತಂತೆ. ಆಮೇಲೆ ಹೊಳೆಯಿತು, ಸಿನಿಮಾದಲ್ಲಿ ನೋಡಿದ್ದು. ಪ್ಯಾರಿಸ್‌ಗೆ ವಾಪಸ್ ಬಂದರೆ ಅಲ್ಲಿನ ಹುಡುಗಿಯರೂ ಹಾಗೇ ನಡೆಯುತ್ತಿದ್ದರು. ಸಿನಿಮಾ ನೋಡಿ ನಡಿಗೆಯೇ ಬದಲಾಗಿತ್ತು.

ಊಟದ ಟೇಬಲ್ಲಿನಲ್ಲಿ ಈ ಗುರುತು ಪ್ರಾಣಕ್ಕೂ ಬರಬಹುದಿತ್ತು. ಅಮೆರಿಕನ್ನರು ಚಾಕುವಿನಿಂದ ಕತ್ತರಿಸಿ, ಚಾಕು ಕೆಳಗಿಟ್ಟು, ಫೋರ್ಕನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿ ತಿನ್ನುತ್ತಾರೆ. ಯುರೋಪಿನವರ ಫೋರ್ಕು ಎಡಗೈಯಲ್ಲೇ ಇರುತ್ತದೆ. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಕೈಯಲ್ಲಿದ್ದ ಯುರೋಪಿನೊಳಗೆ ಕಳಿಸುವ ಅಮೆರಿಕನ್ ಗೂಢಚಾರರಿಗೆ ಈ ಫೋರ್ಕು ಹಿಡಿಯುವುದನ್ನೂ ಕಲಿಸಿ ಕಳಿಸುತ್ತಿದ್ದರು. ಭಾಷೆ ಎಷ್ಟೇ ಚೆನ್ನಾಗಿರಲಿ, ಹಸಿವಾದಾಗ ಕೈ ತನ್ನ ಹಳೆ ಅಭ್ಯಾಸಕ್ಕೇ ಹೋಗಿಬಿಡುತ್ತದೆ.

ಹೋಟೆಲುಗಳ ಬೆಳಗಿನ ತಿಂಡಿಯ ಹಾಲ್‌ನ ಮೂಲೆಯಲ್ಲಿ ಕೂತು ನಾನು ಇದನ್ನೆಲ್ಲ ನೋಡುತ್ತಿದ್ದೆ. ಬರಿ ಬಿಸಿನೀರು ಕೇಳಿ ಥರ್ಮಾಸ್ ತುಂಬಿಸಿಕೊಳ್ಳುವವರು ಹೆಚ್ಚಾಗಿ ಚೀನಾದವರು. ಚಳಿಗಾಲದಲ್ಲೂ ನೀರಿಗೆ ಐಸ್ ಕೇಳುವವರು ಅಮೆರಿಕನ್ನರು. ಫೋನಿನಲ್ಲಿ ಮಾತಾಡುತ್ತಾ, ಕಾಣದವರಿಗೂ ತಲೆ ಬಾಗಿಸುವವರು ಜಪಾನಿನವರು. ಲೆಕ್ಕ ಬರೆಯುವಾಗ 1,00,000 ಅಂತ ಎರಡೆರಡು ಅಂಕೆಗೆ ಕಾಮಾ ಹಾಕಿದವರು ನಮ್ಮ ಕಡೆಯವರೇ.

ಒಂದು ಬೆಳಿಗ್ಗೆ ಲಾಬಿಯಲ್ಲಿ ರಷ್ಯಾದ ಒಂದು ಕುಟುಂಬ ಹೊರಟು ನಿಂತಿತ್ತು. ಟ್ಯಾಕ್ಸಿ ಬಂದು ಕಾಯುತ್ತಿತ್ತು. ಆದರೂ ಗಂಡ, ಹೆಂಡತಿ, ಇಬ್ಬರು ಮಕ್ಕಳು ತಮ್ಮ ಪೆಟ್ಟಿಗೆಗಳ ಮೇಲೆ ಒಂದು ಗಳಿಗೆ ಸುಮ್ಮನೆ ಕೂತರು. ಯಾರೂ ಮಾತಾಡಲಿಲ್ಲ. ಆಮೇಲೆ ಒಟ್ಟಿಗೆ ಎದ್ದರು. ಪ್ರಯಾಣಕ್ಕೆ ಮುಂಚೆ ಹಾಗೆ ಕೂತು ಏಳುವುದು ಅವರ ಪದ್ಧತಿ. ನನಗೆ ನಮ್ಮಮ್ಮ ನೆನಪಾದಳು. 'ಹೋಗ್ತೀನಿ ಅನ್ನಬೇಡ, ಹೋಗಿ ಬರ್ತೀನಿ ಅನ್ನು' ಅಂತ ಬಾಗಿಲಲ್ಲಿ ನಿಲ್ಲಿಸಿ ಹೇಳಿಸುತ್ತಿದ್ದಳು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಇದು ನನಗೆ ತುಂಬ ಪ್ರೀತಿಯ ವಿಷಯ.

ನಮ್ಮ ಗ್ರೂಪಿನಲ್ಲಿ ಒಬ್ಬ ನಿವೃತ್ತ ಪಿಟಿ ಮೇಷ್ಟ್ರು ಇದ್ದರು. ಬಸ್ಸು ಆಲ್ಪ್ಸ್‌ನ ಘಾಟಿ ಇಳಿಯುತ್ತಿತ್ತು. ಒಂದಾದ ಮೇಲೆ ಒಂದು ತಿರುವು. ಮೇಷ್ಟ್ರು ಬಾಟಲಿ ಎತ್ತಿದರು. ತಲೆ ಹಿಂದಕ್ಕೆ, ಬಾಯಿ ತೆರೆದು, ತುಟಿಯಿಂದ ಒಂದು ಗೇಣು ಮೇಲಿಂದ ನೀರು ಬಿಟ್ಟರು. ಗಂಟಲು ಮಾತ್ರ ಗಟಗಟ ಅಂತ ಆಡುತ್ತಿತ್ತು. ಅಂಗಿಯ ಮೇಲೆ ಒಂದು ಹನಿ ಬೀಳಲಿಲ್ಲ. ಕುಡಿದು ಬಾಟಲಿಯನ್ನು ಹಿಂದಿನ ಸೀಟಿಗೆ ಕೊಟ್ಟರು. ಹಾಗೆ ಒಂದೇ ಬಾಟಲಿಯಿಂದ ಐದು ಜನ ಕುಡಿದರು. ಇಟಲಿಯ ಡ್ರೈವರ್ ಇದನ್ನೆಲ್ಲ ಕನ್ನಡಿಯಲ್ಲಿ ನೋಡಿದ್ದ. ಬಸ್ಸು ನಿಂತಾಗ ಮೇಷ್ಟ್ರ ಹತ್ತಿರ ಬಂದು ಕಲಿಸಿಕೊಡಿ ಅಂದ. ಮೇಷ್ಟ್ರು ಶಾಲೆಯಲ್ಲಿ ಕಲಿಸಿದ ಹಾಗೇ ಕಲಿಸಿದರು. ಮೊದಲ ಸಲ ಮೂಗಿಗೆ ಹೋಯಿತು, ಎರಡನೇ ಸಲ ಅಂಗಿ ಪೂರ್ತಿ ಒದ್ದೆ. ಆಮೇಲೆ ಆತ ಕೇಳಿದ್ದು ಒಳ್ಳೆ ಪ್ರಶ್ನೆ. ಯಾಕೆ ಹೀಗೆ ಕುಡಿಯುತ್ತೀರಿ?

ಎಂಜಲು ಅನ್ನುವ ಪದವನ್ನು ಇಂಗ್ಲಿಷಿನಲ್ಲಿ ಹೇಳಲು ನಾನು ಬಹಳ ಒದ್ದಾಡಿದೆ. ಕೊಳೆ ಅಂದರೆ ತಪ್ಪಾಗುತ್ತದೆ. ಎಂಜಲು ಅನ್ನುವುದನ್ನು ನಮ್ಮಲ್ಲಿ ಇನ್ನೊಬ್ಬರನ್ನು ದೂರ ಇಡುವುದಕ್ಕೂ ಬಳಸಿದ್ದಾರೆ, ಮಡಿ ಮೈಲಿಗೆಯ ಆ ನೋವು ನನಗೆ ಗೊತ್ತು. ಆದರೆ ಆ ಬಸ್ಸಿನಲ್ಲಿ ಅದು ಮಾಡಿದ ಕೆಲಸ ಬೇರೆ. ನನ್ನ ನಂತರ ಇನ್ನೊಬ್ಬರು ಕುಡಿಯುತ್ತಾರೆ, ಅವರಿಗೆ ನೀರು ಚೊಕ್ಕವಾಗಿ ಉಳಿಯಲಿ ಅನ್ನುವುದು. ಅದನ್ನು ಹೇಳಿದೆ. ಡ್ರೈವರ್‌ಗೆ ತಕ್ಷಣ ಅರ್ಥವಾಯಿತು.

ತಲೆ ಆಡಿಸುವುದೂ ಹೀಗೇ. ಹೂಂ ಅನ್ನುವುದಕ್ಕೆ ನಾವು ತಲೆಯನ್ನು ಈ ಭುಜದಿಂದ ಆ ಭುಜಕ್ಕೆ ಮೆಲ್ಲಗೆ ತೂಗುತ್ತೇವಲ್ಲ, ಅದನ್ನು ನೋಡಿದ ಎಷ್ಟೋ ವೇಟರ್‌ಗಳು ಬೇಡ ಅಂದುಕೊಂಡು ಕಾಫಿ ತರದೆ ಹೋಗಿದ್ದಾರೆ. ಗ್ರೀಸಿನಲ್ಲಿ ತಲೆ ಮೇಲಕ್ಕೆತ್ತಿ ಹುಬ್ಬು ಏರಿಸಿದರೆ ಇಲ್ಲ ಅಂತ. ಬಲ್ಗೇರಿಯಾದಲ್ಲಿ ಹೌದು ಅನ್ನುವುದಕ್ಕೆ ತಲೆ ಅಡ್ಡ ಆಡಿಸುತ್ತಾರೆ. ನಾನು ಗ್ರೂಪಿನವರಿಗೆ ಹೇಳುತ್ತಿದ್ದದ್ದು ಇಷ್ಟೇ: ತಲೆ ಆಡಿಸಿ, ಜೊತೆಗೆ ಬಾಯಲ್ಲೂ ಒಂದು ಮಾತು ಹೇಳಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಪ್ರತಿ ಪ್ರವಾಸದಲ್ಲೂ ಒಬ್ಬ ಮಗನೋ ಮಗಳೋ ಅಪ್ಪ ಅಮ್ಮನ ಕಿವಿಯಲ್ಲಿ ಗದರುವುದನ್ನು ಕೇಳಿದ್ದೇನೆ. 'ಎತ್ತಿ ಕುಡೀಬೇಡಿ, ಜನ ನೋಡ್ತಾರೆ.' 'ಕೈಯಲ್ಲಿ ತಿನ್ನಬೇಡಿ.' ಆ ಹಿರಿಯರು ಆಮೇಲೆ ಇಡೀ ದಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದರು. ಅದು ನೋಡಲಾಗುತ್ತಿರಲಿಲ್ಲ. ರೈಲಿನಲ್ಲಿ ಸ್ಪೀಕರ್ ಹಾಕಿ ಫೋನಿನಲ್ಲಿ ಮಾತಾಡುವುದು, ಕ್ಯೂನಲ್ಲಿ ನುಗ್ಗುವುದು, ತಿಂಡಿಯ ಹಾಲ್‌ನಿಂದ ಡಬ್ಬಿ ತುಂಬಿಕೊಂಡು ಹೋಗುವುದು, ಇವನ್ನು ನಾನೇ ಮುಂದೆ ನಿಂತು ತಡೆದಿದ್ದೇನೆ. ಪಕ್ಕದವರಿಗೆ ಅದರಿಂದ ತೊಂದರೆ. ಆದರೆ ಮೇಲಿಂದ ನೀರು ಬಿಟ್ಟುಕೊಂಡು ಕುಡಿದರೆ ಯಾರಿಗೆ ಏನು ತೊಂದರೆ? ಕಾಲು ತಾಗಿದ್ದಕ್ಕೆ ಕಣ್ಣಿಗೆ ಒತ್ತಿಕೊಂಡರೆ ಯಾರ ಗಂಟು ಹೋಗುತ್ತದೆ? ದಯವಿಟ್ಟು ಹಿರಿಯರ ಕೈ ಕಟ್ಟಬೇಡಿ.

ಇದೆಲ್ಲ ರಕ್ತದಲ್ಲೇ ಬಂದದ್ದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡೇವಿಡ್ ಎಫ್ರಾನ್ ಅನ್ನುವವರು ನ್ಯೂಯಾರ್ಕಿನಲ್ಲಿ ನೆಲೆಸಿದ ದಕ್ಷಿಣ ಇಟಲಿಯವರ ಮತ್ತು ಪೂರ್ವ ಯುರೋಪಿನ ಯಹೂದಿಗಳ ಕೈಸನ್ನೆಗಳನ್ನು ಕೂತು ನೋಡಿ, ಚಿತ್ರ ಬರೆಸಿ, 1941ರಲ್ಲಿ ಪ್ರಕಟಿಸಿದರು. ಹುಟ್ಟಿನಿಂದಲೇ ಜನಾಂಗಕ್ಕೊಂದು ಸನ್ನೆ ಇರುತ್ತದೆ ಅಂತ ಹಿಟ್ಲರನ ಕಡೆಯವರು ಸಾರುತ್ತಿದ್ದ ಕಾಲ ಅದು. ಹೊಸದಾಗಿ ಬಂದ ಇಟಲಿಯವರು ಭುಜದಿಂದಲೇ ಕೈ ಬೀಸಿ ಮಾತಾಡುತ್ತಿದ್ದರು. ಯಹೂದಿಗಳ ಮೊಣಕೈ ಮೈಗೆ ಹತ್ತಿರ ಇರುತ್ತಿತ್ತು, ಎದುರಿನವರ ಕೋಟಿನ ಅಂಚು ಹಿಡಿದು ಮಾತಾಡುವವರೂ ಇದ್ದರು. ಅಮೆರಿಕದ ಬದುಕಿಗೆ ಬೆರೆತುಹೋದ ಅವರ ಮಕ್ಕಳಲ್ಲಿ ಆ ವ್ಯತ್ಯಾಸ ಹೆಚ್ಚುಕಡಿಮೆ ಮಾಯವಾಗಿತ್ತು. ರಕ್ತ ಅದೇ ಇತ್ತು, ನೋಡಿ ಕಲಿಯಲು ಇದ್ದ ಕೈಗಳು ಬೇರೆ.

ನನ್ನ ತಮ್ಮನ ಮಗಳು ಹುಟ್ಟಿ ಬೆಳೆದದ್ದು ಜರ್ಮನಿಯಲ್ಲಿ. ಈಗ ಎಂಟು ವರ್ಷ. ಮನೆಯಲ್ಲಿ ಕನ್ನಡವೇ, ಮಾತು ಅಚ್ಚುಕಟ್ಟು. ಹೋದ ವರ್ಷ ಗೌರಿಹಬ್ಬಕ್ಕೆ ಮೈಸೂರಿಗೆ ಬಂದಿದ್ದಳು. ದೇವರಾಜ ಮಾರ್ಕೆಟ್ಟಿನ ಹತ್ತಿರ ಹೂವು ತರಲು ಕರೆದುಕೊಂಡು ಹೋದೆ. ಸಂತೆಯ ಗದ್ದಲ, ಮಾತು ಕೇಳಿಸುತ್ತಿರಲಿಲ್ಲ. ಹೂವಿನಮ್ಮ ಎಷ್ಟು ಮೊಳ ಅಂತ ಗಲ್ಲ ಎತ್ತಿ ಕೇಳಿದಳು. ಮಗು ಹೆಬ್ಬೆರಳು, ತೋರುಬೆರಳು ಎರಡನ್ನೂ ಎತ್ತಿ ತೋರಿಸಿತು.

ಹೂವಿನಮ್ಮ ಆ ಎರಡು ಬೆರಳಿನ ನಡುವಿನ ಜಾಗ ನೋಡಿದಳು. 'ಇಷ್ಟುದ್ದ ಹೂವು ಯಾರ ಜಡೆಗಮ್ಮ?' ಅಂದಳು.

ನಾನು ಹೇಳಿದೆ, ಅವಳಿಗೆ ಎರಡು ಮೊಳ ಬೇಕಂತೆ. ಹೂವಿನಮ್ಮ ಮಲ್ಲಿಗೆಯ ಕುಕ್ಕೆ ಪಕ್ಕಕ್ಕೆ ಸರಿಸಿ ಮುಂದಕ್ಕೆ ಬಗ್ಗಿದಳು. ಒದ್ದೆ ಕೈಯಲ್ಲಿ ಮಗುವಿನ ಕೈ ಹಿಡಿದು, ಹೆಬ್ಬೆರಳನ್ನು ಒಳಗೆ ಮಡಿಸಿ, ನಡುಬೆರಳನ್ನು ಬಿಡಿಸಿ ನೆಟ್ಟಗೆ ನಿಲ್ಲಿಸಿದಳು.

'ಎರಡು ಅಂದ್ರೆ ಹಿಂಗೆ, ಕಂದ.'