ಮನೆಯ ಶೆಡ್ಡಿಗೆ ಹಳೆಯ ಮಿಲ್ಲಿಂಗ್ ಮಷೀನು

ಎಲ್ಲರಿಗೂ ನಮಸ್ಕಾರ.

ತುಮಕೂರಿನ ಸಭೆಯಲ್ಲಿ ನಿಂತು ಮಷೀನಿನ ಮಾತು ಶುರುಮಾಡುವುದು ಸುಲಭ. 1978ರಲ್ಲಿ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಇಲ್ಲಿಗೆ ಬಂತು. ಕಾರ್ಖಾನೆ ಮುಚ್ಚಿ, ಜಾಗ ಇಸ್ರೋಗೆ ಹೋಗಿ ವರ್ಷಗಳಾದವು. ಆದರೆ ಮಿಲಿಮೀಟರಿನ ನೂರನೇ ಭಾಗವನ್ನು ದಿನವೂ ಅಳೆದ ಕೈಗಳು ಈ ಊರಿನಲ್ಲಿ ಇನ್ನೂ ಇವೆ. ಅಂಥ ಹಿರಿಯರೂ, ಐಟಿಐ ಮುಗಿಸಿದ ಹುಡುಗ ಹುಡುಗಿಯರೂ ಇವತ್ತು ಒಟ್ಟಿಗೆ ಕೂತಿದ್ದೀರಿ. ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಮಿಲ್ಲಿಂಗ್ ಮಷೀನು, ಅಂದರೆ ತಿರುಗುವ ಕಟರಿನಿಂದ ಲೋಹ ಕೊರೆಯುವ ಮಷೀನು, ಇಟ್ಟುಕೊಳ್ಳಬೇಕು ಅನ್ನುವ ಆಸೆ ಇಬ್ಬರಲ್ಲೂ ಇದೆ. ಹೊಸದರ ಬೆಲೆ ಕೈಗೆ ಎಟುಕದು. ಪೀಣ್ಯದ ಹಳೆ ಮಷೀನು ಅಂಗಡಿಗಳಲ್ಲಿ ಗುಜರಿ ರೇಟಿಗಿಂತ ಸ್ವಲ್ಪ ಮೇಲಕ್ಕೆ ಒಳ್ಳೆಯ ಎರಕದ ಮಷೀನು ಸಿಗುವುದುಂಟು. ಅದನ್ನು ಆರಿಸುವುದು, ತರುವುದು, ನಿಲ್ಲಿಸುವುದು ಹೇಗೆ ಅನ್ನುವುದೇ ಇವತ್ತಿನ ವಿಷಯ.

ಹಳೆಯ ಮಷೀನು ಸವೆದೇ ಇರುತ್ತದೆ. ಎಲ್ಲಿ ಸವೆದಿದೆ, ಎಷ್ಟು ಸವೆದಿದೆ ಎಂದು ಅಳೆದು ತಿಳಿದುಕೊಂಡವರು ಅದರಲ್ಲಿ ಅಚ್ಚುಕಟ್ಟಾದ ಕೆಲಸ ತೆಗೆಯುತ್ತಾರೆ. ಅಂಗಡಿಯವರು ಹೊಡೆಸಿದ ಹೊಸ ಹಸಿರು ಬಣ್ಣ ನೋಡಿ ದುಡ್ಡು ಕೊಡಬೇಡಿ. ನೋಡಲು ಹೋಗುವಾಗ ಚೀಲದಲ್ಲಿ ಒಂದು ಡಯಲ್ ಗೇಜ್ (ಸಣ್ಣ ಅಂತರವನ್ನು ಮುಳ್ಳಿನಿಂದ ತೋರಿಸುವ ಅಳತೆ ಸಾಧನ), ಅದರ ಮ್ಯಾಗ್ನೆಟಿಕ್ ಸ್ಟ್ಯಾಂಡು, ಟಾರ್ಚು, ಸ್ವಲ್ಪ ಕಾಟನ್ ವೇಸ್ಟು ಇರಲಿ.

ಮೊದಲು ಸ್ಲೈಡುಗಳನ್ನು, ಅಂದರೆ ಟೇಬಲ್ ಜಾರುವ ಹಳಿಗಳನ್ನು, ಒರೆಸಿ, ಟಾರ್ಚಿನ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ನೋಡಿ. ಕೈಯಿಂದ ಸ್ಕ್ರೇಪ್ ಮಾಡಿದ ಮಷೀನಾದರೆ ಅರ್ಧಚಂದ್ರದಂಥ ಗುರುತುಗಳು ಕಾಣುತ್ತವೆ. ಆ ಸಣ್ಣ ಗುಳಿಗಳಲ್ಲೇ ಎಣ್ಣೆ ನಿಲ್ಲುವುದು. ಒಬ್ಬ ಕುಶಲ ಕೆಲಸಗಾರ ಪ್ರಶ್ಯನ್ ಬ್ಲೂ ಎಂಬ ನೀಲಿ ಬಣ್ಣ ಹಚ್ಚಿ, ತಾಗಿದ ಕಡೆಯಷ್ಟೇ ಕೆರೆದು, ಮತ್ತೆ ಹಚ್ಚಿ ನೋಡಿ ಸಮತಟ್ಟು ತಂದ ಮೇಲ್ಮೈ ಅದು; ನೋಡಿದಾಗ ನನಗೆ ಈಗಲೂ ಕೈ ಮುಗಿಯಬೇಕು ಅನಿಸುತ್ತದೆ. ಆ ಗುರುತು ತುದಿಗಳಲ್ಲಿ ಉಳಿದು ನಡುವೆ ಅಳಿಸಿಹೋಗಿದ್ದರೆ ಸವೆತ ನಡುವೆ ಇದೆ ಎಂದು ಅರ್ಥ. ಬಹುತೇಕ ಹಳೆಯ ಮಷೀನುಗಳ ಪಾಡು ಇದೇ. ಕೆಲಸವೆಲ್ಲ ಟೇಬಲ್ಲಿನ ನಡುವೆ ಕಟ್ಟಿದ ವೈಸಿನಲ್ಲೇ ನಡೆದಿರುತ್ತದಲ್ಲ.

ಕಣ್ಣಿಗೆ ಕಂಡದ್ದನ್ನು ಗಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ಬಿಗಿದು ಖಚಿತ ಮಾಡಿಕೊಳ್ಳಬಹುದು. ಟೇಬಲ್ಲನ್ನು ನಡುವೆ ತಂದು, ಸಡಿಲ ಹೋಗುವಷ್ಟು ಗಿಬ್ ಬಿಗಿಯಿರಿ. ಆಮೇಲೆ ಹ್ಯಾಂಡಲ್ ತಿರುಗಿಸುತ್ತ ತುದಿಗೆ ಹೋಗಿ. ತುದಿಯಲ್ಲಿ ಟೇಬಲ್ ಗಟ್ಟಿಯಾಗಿ ಕಚ್ಚಿಕೊಂಡರೆ ಸ್ಲೈಡು ನಡುವೆ ಚೆನ್ನಾಗಿಯೇ ತಿಂದಿದೆ. ಇದನ್ನು ಗಿಬ್ಬಿನಿಂದ ಸರಿಮಾಡಲು ಬರುವುದಿಲ್ಲ. ಗ್ರೈಂಡಿಂಗೋ ಸ್ಕ್ರೇಪಿಂಗೋ ಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.

ಬ್ಯಾಕ್‌ಲ್ಯಾಶ್, ಅಂದರೆ ಟೇಬಲ್ ಸರಿಸುವ ಸ್ಕ್ರೂ ಮತ್ತು ಅದರ ನಟ್ಟಿನ ನಡುವಿನ ಸಡಿಲದ ಬಗ್ಗೆ ಹೊಸಬರು ಬಹಳ ಹೆದರುತ್ತಾರೆ. ಹ್ಯಾಂಡಲ್ಲನ್ನು ಒಂದು ಕಡೆ ತಿರುಗಿಸಿ ನಿಲ್ಲಿಸಿ, ವಾಪಸು ತಿರುಗಿಸಿದಾಗ ಟೇಬಲ್ ಅಲುಗುವ ಮುಂಚೆ ಎಷ್ಟು ಗೆರೆ ದಾಟುತ್ತದೆ ಎಂದು ಎಣಿಸಿ. ಹಳೆಯ ಮಷೀನಿನಲ್ಲಿ 0.2, 0.3 ಮಿ.ಮೀ. ಇದ್ದರೆ ಧೈರ್ಯವಾಗಿ ಇಟ್ಟುಕೊಳ್ಳಬಹುದು. ಯಾವಾಗಲೂ ಒಂದೇ ಕಡೆಯಿಂದ ಅಳತೆಗೆ ಬಂದರೆ ಆ ಸಡಿಲ ಲೆಕ್ಕಕ್ಕೆ ಬರುವುದಿಲ್ಲ. ಒಂದು ಮಿಲಿಮೀಟರ್ ದಾಟಿದ್ದರೆ ನಟ್ ಬದಲಿಸಬೇಕು. ಕಂಚಿನ ನಟ್ಟನ್ನು ನಮ್ಮ ಟರ್ನರುಗಳೇ ಮಾಡಿಕೊಡುತ್ತಾರೆ. ಸಡಿಲವಿರುವ ಮಷೀನಿನಲ್ಲಿ ಕ್ಲೈಂಬ್ ಮಿಲ್ಲಿಂಗ್ (ಕಟರಿನ ಹಲ್ಲು ಚಲಿಸುವ ದಿಕ್ಕಿಗೇ ಟೇಬಲ್ ಸಾಗಿಸಿ ಕೊರೆಯುವುದು) ಮಾತ್ರ ಬೇಡ. ಕಟರ್ ಜಾಬನ್ನು (ಕೊರೆಯುತ್ತಿರುವ ತುಂಡನ್ನು) ತನ್ನ ಕಡೆಗೆ ಸೆಳೆದು, ಸಡಿಲವಿದ್ದಷ್ಟೂ ಟೇಬಲ್ ಜಿಗಿದು, ಹಲ್ಲು ಮುರಿಯುತ್ತದೆ.

ಕಟರನ್ನು ತಿರುಗಿಸುವ ಸ್ಪಿಂಡಲ್ಲಿನ ಟೇಪರ್, ಅಂದರೆ ಕಟರ್ ಕೂರುವ ಓರೆ ರಂಧ್ರದ ಒಳಗೆ ಡಯಲ್ ಮುಟ್ಟಿಸಿ, ಕೈಯಿಂದ ತಿರುಗಿಸಿ. ಮುಳ್ಳು 0.01 ಮಿ.ಮೀ. ಆಸುಪಾಸಿನಲ್ಲಿ ಆಡಿದರೆ ಸಂತೋಷಪಡಿ. ಆಮೇಲೆ ಅತಿ ಹೆಚ್ಚಿನ ವೇಗದಲ್ಲಿ ಒಂದಷ್ಟು ಹೊತ್ತು ಓಡಿಸಿ, ಬೇರಿಂಗ್ ಇರುವ ಜಾಗ ಕೈ ಇಡಲಾರದಷ್ಟು ಸುಡುತ್ತದೆಯೇ ನೋಡಿ. ಎಲ್ಲ ಗೇರು, ಎಲ್ಲ ಕಡೆಯ ಆಟೊ ಫೀಡು ಹಾಕಿಸಿ ನೋಡಿ. ಕರೆಂಟಿಲ್ಲ, ಆಮೇಲೆ ತೋರಿಸುತ್ತೇವೆ ಎಂದರೆ ಕರೆಂಟು ಬಂದ ಮೇಲೆಯೇ ಹೋಗಿ.

ಯಾವ ಕಂಪನಿಯದು ತೆಗೆದುಕೊಳ್ಳಲಿ ಎಂದು ಕೇಳುತ್ತೀರಿ. ಎಚ್‌ಎಂಟಿ 1953ರಲ್ಲಿ, ಬಿಎಫ್‌ಡಬ್ಲ್ಯೂ (ಭಾರತ್ ಫ್ರಿಟ್ಜ್ ವೆರ್ನರ್) 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದವು. ಅವುಗಳ ಮಿಲ್ಲಿಂಗ್ ಮಷೀನಿನ ಒಳಹೊರಗು ಬಲ್ಲ ಫಿಟ್ಟರುಗಳು ನಮ್ಮ ಹತ್ತಿರದಲ್ಲೇ ಇದ್ದಾರೆ. ಹೆಸರೇ ಕೇಳದ ಪರದೇಶದ ಮಷೀನಿಗಿಂತ ಅದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಆದರೆ ತೂಕ ನೆನಪಿರಲಿ. ತಲೆ ತಿರುಗಿಸಬಲ್ಲ ಟರೆಟ್ ಮಾದರಿಯದು ಸುಮಾರು ಒಂದು ಟನ್ ತೂಗಿದರೆ, ಕಾರ್ಖಾನೆಯ ದೊಡ್ಡ ನೀ (ಟೇಬಲ್ ಹೊತ್ತು ಮೇಲೆ ಕೆಳಗೆ ಸರಿಯುವ ಭಾಗ) ಮಾದರಿಯದು ಎರಡು ಟನ್ನನ್ನೂ ದಾಟುತ್ತದೆ.

ಆದ್ದರಿಂದ ನೆಲ ಮೊದಲು ಸಿದ್ಧವಾಗಲಿ. ಟೈಲ್ಸ್ ಮೇಲೆ ನಿಲ್ಲಿಸಬೇಡಿ, ಅಡಿಯ ಪೊಳ್ಳಿನಲ್ಲಿ ಒಡೆಯುತ್ತದೆ. ಆರು ಇಂಚು ಕಾಂಕ್ರೀಟ್ ಹಾಕಿಸಿ, ಚೆನ್ನಾಗಿ ನೀರುಣಿಸಿ. ಪೂರ್ತಿ ಬಲಕ್ಕೆ 28 ದಿನ ಬೇಕು. ಲಾರಿಗೆ ಏರಿಸುವ ಮುನ್ನ ನೀ ಕೆಳಕ್ಕೆ ಇಳಿಸಿ, ಟೇಬಲ್ ನಡುವೆ ತಂದು, ಎಲ್ಲ ಲಾಕುಗಳನ್ನೂ ಬಿಗಿಯಿರಿ. ತಲೆಭಾರದ ಮಷೀನು ತಿರುವಿನಲ್ಲಿ ಉರುಳುತ್ತದೆ. ಟೇಬಲ್ಲಿಗೆ ಬೆಲ್ಟ್ ಹಾಕಿ ಎತ್ತಿಸಲೇಬೇಡಿ, ಎತ್ತುವ ಜಾಗ ಅದಲ್ಲ. ರಸ್ತೆಯ ತನಕ ಹೈಡ್ರಾ ಕ್ರೇನ್ ಬರುತ್ತದೆ. ಅಲ್ಲಿಂದ ಶೆಡ್ಡಿನೊಳಕ್ಕೆ ಕಬ್ಬಿಣದ ಪೈಪುಗಳ ಮೇಲೆ, ಹಾರೆ ಮೀಟಿ, ನಿಧಾನವಾಗಿ. ಇಳಿಜಾರಿನಲ್ಲಿ ಮುಂದೆ ಯಾರೂ ನಿಲ್ಲಬಾರದು. ಬೀಳುವ ಮಷೀನಿಗೆ ಕೈ ಕೊಡಬೇಡಿ, ಬಿಟ್ಟು ಓಡಿ.

ಇನ್ನು ಕರೆಂಟು. ಮೋಟಾರು 415 ವೋಲ್ಟಿನ ತ್ರೀ ಫೇಸ್, ಮನೆಯಲ್ಲಿರುವುದು 230ರ ಸಿಂಗಲ್ ಫೇಸ್. ದುಡ್ಡಿಗೆ ಜಾಬ್ ಮಾಡಿಕೊಡುವ ಯೋಚನೆ ಇದ್ದರೆ ಮನೆಯ ಮೀಟರಿನಲ್ಲಿ ನಡೆಸಬೇಡಿ. ಬೆಸ್ಕಾಂಗೆ ಅರ್ಜಿ ಹಾಕಿ ಕೈಗಾರಿಕಾ ಸಂಪರ್ಕ ತೆಗೆದುಕೊಳ್ಳಿ. ಬೋರ್‌ವೆಲ್ ಇಟ್ಟಿರುವ ರೈತರಿಗೆ ಇದರ ಮುಂದಿನ ಮಾತು ಗೊತ್ತೇ ಇದೆ: ಮೂರರಲ್ಲಿ ಒಂದು ಫೇಸ್ ಹೋದರೆ ಮೋಟಾರು ಸುಡುತ್ತದೆ, ಆಗ ಮೋಟಾರನ್ನು ನಿಲ್ಲಿಸುವ ಪ್ರಿವೆಂಟರ್ ಹಾಕಿಸಲೇಬೇಕು.

ಸ್ವಂತ ಹವ್ಯಾಸಕ್ಕಾದರೆ ವಿಎಫ್‌ಡಿ (ಮೋಟಾರಿಗೆ ಕರೆಂಟನ್ನು ಬದಲಿಸಿ ಕೊಡುವ ಎಲೆಕ್ಟ್ರಾನಿಕ್ ಡ್ರೈವ್) ಸಾಕು. ಸಿಂಗಲ್ ಫೇಸ್ ಕೊಟ್ಟರೆ 230 ವೋಲ್ಟಿನ ತ್ರೀ ಫೇಸ್ ಮಾಡಿಕೊಡುವ ಡ್ರೈವುಗಳಿವೆ. ಮೋಟಾರಿನ ಪ್ಲೇಟ್ ಓದಿ. ಸ್ಟಾರ್, ಡೆಲ್ಟಾ ಎಂದರೆ ಮೋಟಾರಿನ ಸುರುಳಿಗಳನ್ನು ಜೋಡಿಸುವ ಎರಡು ಬಗೆ. 415ಕ್ಕೆ ಸ್ಟಾರ್ ಕನೆಕ್ಷನ್ ಎಂದಿದ್ದರೆ ಡೆಲ್ಟಾಕ್ಕೆ ಬದಲಿಸಿ 230ರಲ್ಲಿ ಓಡಿಸಬಹುದು. 415ಕ್ಕೇ ಡೆಲ್ಟಾ ಇದ್ದರೆ ಆ ದಾರಿ ಇಲ್ಲ. ಮೋಟಾರು ರೀವೈಂಡಿಂಗ್ ಅಥವಾ ಬದಲಾವಣೆ. ಡ್ರೈವಿನಿಂದ ವೈರು ನೇರ ಮೋಟಾರಿಗೇ ಹೋಗಬೇಕು. ಹಳೆಯ ಸ್ವಿಚ್ಚು, ಕಾಂಟ್ಯಾಕ್ಟರ್ ಯಾವುದನ್ನೂ ನಡುವೆ ಉಳಿಸಬೇಡಿ, ಓಡುವಾಗ ಕಡಿದುಹೋದರೆ ಡ್ರೈವ್ ಹಾಳಾಗುತ್ತದೆ. ಅರ್ಥಿಂಗ್ ವಿಚಾರದಲ್ಲಿ ಕಂಜೂಸುತನ ಬೇಡ. ಕಟರ್ ಹಾಕದೆ ಮೊದಲ ಸಲ ಚಾಲು ಮಾಡಿ. ಉಲ್ಟಾ ತಿರುಗಿದರೆ ಮೋಟಾರಿಗೆ ಹೋಗುವ ಯಾವುದಾದರೂ ಎರಡು ಫೇಸನ್ನು ಅದಲುಬದಲು ಮಾಡಿ.

ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್. ಕಂಪ್ರೆಸರ್ ಗಾಳಿ ಬೇಡ, ನಮ್ಮೂರಿನ ಕೆಂಧೂಳು ಸ್ಲೈಡಿನೊಳಕ್ಕೇ ಸೇರುತ್ತದೆ. ಎಣ್ಣೆಯ ಸಣ್ಣ ಪೈಪುಗಳು ಕಟ್ಟಿಕೊಂಡಿರುತ್ತವೆ, ಒಂದೊಂದನ್ನೇ ಬಿಡಿಸಿ. ಸ್ಲೈಡಿಗೆ 68 ನಂಬರಿನ ಸ್ಲೈಡ್‌ವೇ ಎಣ್ಣೆ ಹಾಕಿ.

ನಿಲ್ಲಿಸುವಾಗ ನಾಲ್ಕೂ ಕಾಲಿಗೆ ಭಾರ ಬೀಳಬೇಕು. ಟೇಬಲ್ಲಿನ ಮೇಲೆ ಉದ್ದಕ್ಕೂ ಅಡ್ಡಕ್ಕೂ ಮಷೀನು ಲೆವೆಲ್ ಇಟ್ಟು ನೋಡಿ; ಗಾರೆ ಕೆಲಸದ ಲೆವೆಲ್ ಸಾಲದು, ಮೀಟರಿಗೆ 0.02 ಮಿ.ಮೀ. ತೋರಿಸುವುದನ್ನು ಯಾರಿಂದಾದರೂ ಒಂದು ದಿನಕ್ಕೆ ಕೇಳಿ ತನ್ನಿ. ಕೆಲವು ವಾರ ಕಳೆದ ಮೇಲೆ ಮತ್ತೆ ನೋಡಿ. ಹಾಗೆಯೇ ಅಡುಗೆಮನೆಯ ಗ್ರಾನೈಟ್ ಚಪ್ಪಡಿಯನ್ನು ಸರ್ಫೇಸ್ ಪ್ಲೇಟ್ (ಅಳತೆಗೆ ಆಧಾರವಾಗುವ ಸಮತಟ್ಟು ಹಾಸು) ಎಂದು ನಂಬಬೇಡಿ. ಶಿರಾ, ಮಧುಗಿರಿ ಕಡೆಯ ಕಲ್ಲೆಲ್ಲ ಗಟ್ಟಿಯೇ, ಆದರೆ ಪಾಲಿಶ್ ಆದ ಮಾತ್ರಕ್ಕೆ ಸಮತಟ್ಟಾಗುವುದಿಲ್ಲ.

ತಿರುಗುವ ತಲೆಯ ಮಷೀನಿನಲ್ಲಿ ಕೊನೆಗೆ ಉಳಿಯುವುದು ಟ್ರಾಮಿಂಗ್, ಅಂದರೆ ಸ್ಪಿಂಡಲ್ಲನ್ನು ಟೇಬಲ್ಲಿಗೆ ಲಂಬವಾಗಿ ನಿಲ್ಲಿಸುವುದು. ಸ್ಪಿಂಡಲ್ಲಿಗೆ ಡಯಲ್ ಗೇಜ್ ಕಟ್ಟಿ, ಟೇಬಲ್ಲಿನ ಮೇಲೆ 200 ಮಿ.ಮೀ. ಅಗಲದ ವೃತ್ತದಲ್ಲಿ ಕೈಯಿಂದ ತಿರುಗಿಸಿ. ಎಡಕ್ಕೂ ಬಲಕ್ಕೂ 0.02ರ ಒಳಗೆ ಬರುವ ತನಕ ತಲೆಯನ್ನು ಸರಿಸಿ, ಬೋಲ್ಟ್ ಬಿಗಿದು, ಮತ್ತೆ ನೋಡಿ; ಬಿಗಿಯುವಾಗಲೇ ಅದು ಕದಲುವುದು. ಇದನ್ನು ಬಿಟ್ಟರೆ ಕಟರ್ ಓಡಿದ ಪ್ರತಿ ಸಾಲಿನ ಅಂಚಿನಲ್ಲೂ ಉಗುರಿಗೆ ತಾಗುವ ಮೆಟ್ಟಿಲು ಉಳಿಯುತ್ತದೆ. ವೈಸನ್ನೂ ಹೀಗೇ, ಕದಲದ ದವಡೆಗೆ ಡಯಲ್ ಮುಟ್ಟಿಸಿ ನೇರ ಮಾಡಿ.

ಸುರಕ್ಷತೆಯ ಬಗ್ಗೆ ನಾಲ್ಕೇ ಮಾತು. ಗ್ಲೌಸ್ ಹಾಕಬೇಡಿ. ಉಂಗುರ, ಕೈಗೆ ಕಟ್ಟಿದ ದೇವರ ದಾರ ತೆಗೆದಿಡಿ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಜಡೆಯನ್ನು ಮೇಲಕ್ಕೆ ಕಟ್ಟಿಕೊಳ್ಳಿ, ಪಂಚೆ ಉಟ್ಟು ಬರಬೇಡಿ. ಚಿಪ್ಸ್ (ಲೋಹದ ಚೂರು) ತೆಗೆಯಲು ಬ್ರಷ್, ಕಣ್ಣಿಗೆ ಕನ್ನಡಕ.

ಮೊದಲ ಜಾಬ್ ಏನಿರಲಿ ಎಂದರೆ, ನಿಮ್ಮ ಟೇಬಲ್ಲಿನ ಸೀಳಿನಲ್ಲಿ ಕೂರುವ ಟಿ ಆಕಾರದ ನಟ್ಟುಗಳನ್ನು ಮೈಲ್ಡ್ ಸ್ಟೀಲಿನಲ್ಲಿ ಮಾಡಿ. 10 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್ ಮಿಲ್ ಕಟರಿಗೆ ನಿಮಿಷಕ್ಕೆ 25 ಮೀಟರ್ ಕಟಿಂಗ್ ಸ್ಪೀಡ್ ಹಿಡಿದರೆ ಸುಮಾರು 800 ಸುತ್ತು ಬರುತ್ತದೆ, 20 ಮಿ.ಮೀ. ಆದರೆ 400. ಟ್ರಾಮಿಂಗ್ ಮಾತ್ರ ಮಾತಿನಲ್ಲಿ ಕಲಿಯುವಂಥದ್ದಲ್ಲ. ಪಕ್ಕದ ವರ್ಕ್‌ಶಾಪಿನಲ್ಲಿ ತಲೆ ಸಡಿಲಿಸಿ ಇಟ್ಟಿರುವ ಒಂದು ಮಷೀನಿದೆ, ಡಯಲ್ ಗೇಜೂ ಇದೆ. ಬನ್ನಿ, ಹುಡುಗಿಯರಿಂದಲೇ ಶುರುಮಾಡೋಣ, ಒಬ್ಬೊಬ್ಬರಾಗಿ ಕಟ್ಟಿ ನೋಡಿ.