ಸ್ವಿಸ್ಸರನ್ನು ಸೋಲಿಸಿದ ಸೊಬೊಟ್ಕಾ, ಸ್ವಿಸ್ಸರಿಗೇ ಕೋಚ್ ಆದ ಕಥೆ

1934ರ ಫುಟ್‌ಬಾಲ್ ವಿಶ್ವಕಪ್ ಅಂದರೆ ಚೆಕೊಸ್ಲೊವಾಕಿಯಾ ಕಡೆಯಿಂದ ಎಲ್ಲರೂ ಹೇಳೋದು ನೆಯೆಡ್ಲಿ ಹೆಸರು. 5 ಗೋಲು, ಟೂರ್ನಿಯ ಟಾಪ್ ಸ್ಕೋರರ್. ಒಪ್ಪೋಣ. ಅವನ ಪಕ್ಕದಲ್ಲೇ ಸೆಂಟರ್ ಫಾರ್ವರ್ಡ್ ಆಗಿ ಆಡಿದ ಯಿರ್ಜೀ ಸೊಬೊಟ್ಕಾ ಹೊಡೆದದ್ದು ಒಂದೇ ಗೋಲು. ದೇಶದ ಪರ ಒಟ್ಟು 23 ಪಂದ್ಯ, 8 ಗೋಲು. 'ಸ್ಟ್ರೈಕರ್ ಅಂತೆ, ಇಷ್ಟೇನಾ?' ಅಂತ ಮೂಗು ಮುರಿಯೋರಿಗೆ ಆಗಿನ ಆಟ ಗೊತ್ತಿಲ್ಲ.

ಆಗ 2-3-5: ಹಿಂದೆ ಇಬ್ಬರು ಬ್ಯಾಕ್ (ರಕ್ಷಕರು), ನಡುವೆ ಮೂವರು, ಮುಂದೆ ಐವರು ದಾಳಿಕಾರರು. ಪ್ರಾಗ್, ವಿಯೆನ್ನಾ ಕಡೆಯವರದ್ದು ಚೆಂಡನ್ನ ನೆಲ ಬಿಡಿಸದೆ ಸಣ್ಣ ಸಣ್ಣ ಪಾಸ್‌ನಲ್ಲಿ ಸಾಗಿಸೋ ಪದ್ಧತಿ. ಸೆಂಟರ್ ಫಾರ್ವರ್ಡ್ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಚೆಂಡು ಹಿಡೀತಾನೆ, ಒಬ್ಬ ಬ್ಯಾಕ್ ಅವನ ಬೆನ್ನಿಗೇ ಅಂಟಿಕೊಂಡು ಬರ್ತಾನೆ. ಹಿಂದೆ ಖಾಲಿಯಾದ ಆ ಜಾಗಕ್ಕೆ ಬಲದಿಂದ ಜೊತೆ ದಾಳಿಕಾರ ಸ್ವೊಬೊಡಾ, ಎಡದಿಂದ ನೆಯೆಡ್ಲಿ ನುಗ್ಗಬೇಕು. ಅವರು ಒಂದು ಕ್ಷಣ ತಡ ಮಾಡಿದರೂ ಬಾಕ್ಸ್‌ನಲ್ಲಿ ಯಾರೂ ಇಲ್ಲ, ದಾಳಿ ಅಲ್ಲೇ ಸತ್ತುಹೋಯ್ತು. ಇಂಥ ಕೆಲಸವನ್ನ ಗೋಲಿನ ಪಟ್ಟಿಯಲ್ಲಿ ಎಲ್ಲಿ ಬರೀತೀರಿ?

ಆ ಒಂದು ಗೋಲು ಬಂದದ್ದು ಮೇ 31ರಂದು ಟೂರಿನ್‌ನಲ್ಲಿ, ಸ್ವಿಟ್ಜರ್‌ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ. ಮೊದಲು ಸ್ವಿಸ್ಸರೇ ಮುಂದಿದ್ದರು. ಸ್ವೊಬೊಡಾ ಸಮ ಮಾಡಿದ, ವಿರಾಮ ಮುಗಿದು ಸ್ವಲ್ಪ ಹೊತ್ತಿಗೇ ಸೊಬೊಟ್ಕಾ 2-1 ಮಾಡಿದ. ಸ್ವಿಸ್ಸರು ಮತ್ತೆ ಸಮ ಮಾಡಿದರು, ಕೊನೆಗೆ ನೆಯೆಡ್ಲಿ 3-2 ಮಾಡಿ ಮುಗಿಸಿದ. ಜೂನ್ 10ರಂದು ಇಟಲಿ ವಿರುದ್ಧದ ಫೈನಲ್‌ನಲ್ಲಿ ತಂಡದ ಇನ್ನೊಬ್ಬ ದಾಳಿಕಾರ ಪುಚ್ ಗೋಲಿನಿಂದ ಮುನ್ನಡೆ ಸಿಕ್ಕಮೇಲೆ ಸೊಬೊಟ್ಕಾ ಒಂದು ಒಳ್ಳೇ ಅವಕಾಶ ಕೈಬಿಟ್ಟ, ಸ್ವೊಬೊಡಾ ಹೊಡೆದದ್ದು ಕಂಬಕ್ಕೆ ಬಡಿಯಿತು. ಎಕ್ಸ್‌ಟ್ರಾ ಟೈಮ್‌ನಲ್ಲಿ ಇಟಲಿ 2-1. ಬದಲಿ ಆಟಗಾರರನ್ನ ಇಳಿಸೋ ಪದ್ಧತಿಯೇ ಇಲ್ಲದ ಕಾಲ, ಆ ಹನ್ನೊಂದೇ ಜನ 120 ನಿಮಿಷ ಓಡಿದ್ದು.

ಈಗ ತಮಾಷೆ ನೋಡಿ. 1946ರಲ್ಲಿ ಈತ ಕೋಚ್ ಆಗಿ ಹೋಗಿದ್ದು ಅದೇ ಸ್ವಿಟ್ಜರ್‌ಲೆಂಡಿಗೆ! ಲಾ ಶೋ-ದ-ಫೋಂ ಅಂತ ಜೂರಾ ಬೆಟ್ಟದ ಮೇಲೆ, ಸುಮಾರು 1000 ಮೀಟರ್ ಎತ್ತರದಲ್ಲಿ, ಗಡಿಯಾರ ಮಾಡಿ ಬದುಕೋ ಊರು. ಜ್ಯೂರಿಕ್, ಜಿನೀವಾಗಳ ಮುಂದೆ ಚಿಕ್ಕದು. ಆ ಊರಿನ ಕ್ಲಬ್‌ನಲ್ಲಿ 13 ವರ್ಷ ನಿಂತ. 1954, 1955ರಲ್ಲಿ ಸ್ವಿಸ್ ಲೀಗೂ ಸ್ವಿಸ್ ಕಪ್ಪೂ ಎರಡೂ ಗೆದ್ದ. ಅದಲ್ಲದೆ 1948, 1951, 1957ರಲ್ಲೂ ಕಪ್. ಅದೇ ಊರಲ್ಲಿ ಹುಟ್ಟಿದ ಶಾರ್ಲ್ ಆಂಟೆನೆನ್ ಮುಂಚೂಣಿಯ ದಾಳಿಕಾರ. ನನ್ನ ಪ್ರಕಾರ ವಿಶ್ವಕಪ್ ಫೈನಲ್ ಆಡಿದ್ದಕ್ಕಿಂತ ಇದು ದೊಡ್ಡ ಸಾಧನೆ. ಫೈನಲ್‌ನಲ್ಲಿ ಪ್ಲಾನಿಚ್ಕಾನಂಥ ಗೋಲ್‌ಕೀಪರ್ ಹಿಂದಿದ್ದ, ಇಲ್ಲಿ ತಂಡವನ್ನೇ ಕಟ್ಟಬೇಕಿತ್ತು.

ಆಮೇಲೆ 1961ರಿಂದ ಇನ್ನೊಂದು ಸ್ವಿಸ್ ಕ್ಲಬ್ ಬಾಸೆಲ್‌ನ ಕೋಚ್. 1963ರ ಕಪ್ ಫೈನಲ್‌ನಲ್ಲಿ ಜ್ಯೂರಿಕ್‌ನ ಗ್ರಾಸ್‌ಹಾಪರ್ಸ್ ಕ್ಲಬ್ ಮೇಲೆ 2-0 ಗೆಲುವು. ಮುಂದೆ ಬಾಸೆಲ್‌ನ ಕಣ್ಮಣಿಯಾದ ಆಟಗಾರ ಕಾರ್ಲ್ ಓಡರ್ಮಾಟ್ ಆ ಕ್ಲಬ್ಬಿಗೆ ಬಂದದ್ದೂ ಈತನ ಕಾಲದಲ್ಲೇ. 1965ರಲ್ಲಿ ಹೊಸ ಕೋಚ್ ಬೆಂಟ್‌ಹೌಸ್ ಬಂದಮೇಲೆ ಲೀಗ್ ಮೇಲೆ ಲೀಗ್ ಗೆದ್ದರು, ಹೊಗಳಿಕೆಯೆಲ್ಲ ಅವರಿಗೇ ಹೋಯ್ತು. ಅವರು ಗೆದ್ದದ್ದು ನಿಜ, ಆದರೆ ಬರಿಗೈಯಲ್ಲಿ ಶುರು ಮಾಡಲಿಲ್ಲ.

ಅಂದಹಾಗೆ ಹಳೇ ದಾಖಲೆ ಕೆದಕೋರಿಗೆ ಒಂದು ಮಾತು: ಸ್ವಿಸ್ ದಾಖಲೆಗಳಲ್ಲಿ ಯಿರ್ಜೀ ಅಂತ ಹುಡುಕಿದರೆ ಸಿಗದೇ ಹೋಗಬಹುದು. ಅಲ್ಲಿ ಈತ ಜಾರ್ಜ್ ಸೊಬೊಟ್ಕಾ.